ಕುಂಡ್ರಸಬೇಕು

ಹುಬ್ಬಳ್ಳಿಯ ಬಿಡಿಭಾಗದ ಅಂಗಡ್ಯಾಗ ದಾವಲಸಾಬ
ಎಂಜಿನ್ ಕವರಿನ ಜೋಡಿ ಕಾಗದ ಬಿಚ್ಚಿ ಕೈಯಾಗಿಟ್ಟ.
ಕನ್ನಡಿಹಂಗ ಹೊಳೀತಿದ್ವು. ಅದರಾಗ ನನ್ನ ಮೂಗು
ಬದನಿಕಾಯಿ ಆಗಿ ಕಾಣ್ತು.
‘ಕಂಪನಿದಲ್ಲ ಇದು,’ ಅಂದ, ‘ಸುಳ್ಳ್ಯಾಕ ಹೇಳ್ಲಿ?
ಕುಂಡ್ರತೈತಿ. ಆದ್ರ ಕುಂಡ್ರಸಬೇಕು.’

ಬೆಟಗೇರಿತನಕ ಬಸ್ಸಿನ್ಯಾಗ ತೊಡಿಮ್ಯಾಲೆ ಇಟ್ಕೊಂಡು ಬಂದೆ,
ಬೀಗರ ಊರಿಂದ ಬುತ್ತಿ ತಂದಂಗ.
ಅಣ್ಣಿಗೇರಿ ದಾಟೂದ್ರಾಗ ಅವೂ ಬೆಚ್ಚಗಾಗಿದ್ವು.

ಆದಿತ್ಯವಾರ. ಓಣ್ಯಾಗ ಮಗ್ಗ ಸುಮ್ಮನಿದ್ವು,
ಕರೆಂಟ್ ಇರಲಿಲ್ಲ, ಇದ್ರೂ ಯಾರಿಗೂ ಬೇಕಾಗಿರಲಿಲ್ಲ.
ಕಟ್ಟಿ ಮುಂದ ಗಾಡಿ ನಿಲ್ಲಿಸಿ
ಹಳೇ ಬೋಗೋಣಿ ಕೆಳಗಿಟ್ಟು ಡ್ರೇನ್ ಬೋಲ್ಟ್ ಬಿಚ್ಚಿದೆ.
ಎಣ್ಣಿ ಇಳೀತು, ಕರ್ರಗ, ಅವಸರ ಇಲ್ಲದ,
ಕಾಕಂಬಿ ಇಳಿದಂಗ.

ಗಾಡಿ ವಿರುಪಾಕ್ಷಿದು.
ನನಗಿಂತ ಮೊದಲು ಈ ಮನ್ಯಾಗ ಇದ್ದಾಂವ.
ಉಡಿಕಿ ಆಗಿ ಎರಡು ವರ್ಷ ಆತು.
ಮೊದಲ್ನೇ ದಿನಾನ ಚಾವಿ ಕೊಟ್ಲು ರುದ್ರವ್ವ,
ಅಡಗಿಮನಿ ಮೊಳಿಯಿಂದ ತಗದು, ಮಾತಿಲ್ಲದ.
ಮಗಳು ನೀಲಗಂಗಾಗ ಹನ್ನೆರಡು. ನನಗ ಇನ್ನೂ ‘ರೀ’ ಅಂತಾಳ,
ಬ್ಯಾಂಕಿನ ಮ್ಯಾನೇಜರ್ ಜೋಡಿ ಮಾತಾಡಿದಂಗ.

ಆಕಿನ ಸೀರಿ ಡಬ್ಬಿ ಮುಚ್ಚಳ ತಂದು
ಹೊಸಾ ಕವರು ಅದರ ಮ್ಯಾಲಿಟ್ಟು ಪೆನ್ಸಿಲ್ಲಿಂದ ಗೆರಿ ಎಳದ್ಲು,
ಎಲ್ಲೆಲ್ಲಿ ಬೋಲ್ಟೋ ಅಲ್ಲಲ್ಲಿ ದಬ್ಬಣ ಚುಚ್ಚಿದ್ಲು.
ಯಾಕಂದ್ರ ಹತ್ತು ಬೋಲ್ಟು, ಹತ್ತೂ ಒಂದ ಉದ್ದ ಅಲ್ಲ,
ಉದ್ದಂದು ಗಿಡ್ಡದರ ಜಾಗಾಕ್ಕ ಹೋದ್ರ
ಒಳಗಿನ ಗೋಡಿ ಸೀಳ್ತೈತಿ.
ನಾ ಹೇಳಿರಲಿಲ್ಲ ಇದನ್ನ. ಎಲ್ಲಿ ಕಲ್ತಿ ಅಂದೆ.
‘ಅಪ್ಪ ಹಿಂಗ ಮಾಡ್ತಿದ್ದ.’

ಒಂದು ಬೋಲ್ಟು ಜಪ್ಪಯ್ಯ ಅಂದ್ರೂ ಬರಲಿಲ್ಲ.
ಸೀಮಿಎಣ್ಣಿ ಬಿಟ್ಟೆ, ಸುತ್ತಿಗಿಲೆ ಬಡದೆ,
ಬಾಯಿಗೆ ಬಂದದ್ದು ಬೈದೆ, ಆಮ್ಯಾಲೆ ಹುಡುಗಿ ಇದ್ದದ್ದು ನೆನಪಾತು.
ಎದುರುಮನಿ ಪ್ರೆಸ್ಸಿನ ಹುಚ್ಚೀರಪ್ಪ ಚಾದ ಕಪ್ಪು ಹಿಡದು ಬಂದು
‘ಬಿಸಿನೀರು ಸುರುವಿ ನೋಡು’ ಅಂದ. ಸುರುವಿದೆ. ಬಂತು.
ಬಂದು ಗಟರಿಗೆ ಬಿತ್ತು.
ಮೂವರೂ ಗಟರಿನ್ಯಾಗ ಕೈ ಹಾಕಿದ್ವಿ.

ಹಳೇ ಕವರು ಕೈಗೆ ಬಂತು. ಅದರ ಮ್ಯಾಲೆ ಗೀರು,
ಮೂರು ಬೆರಳಗಲ, ಬೆಕ್ಕು ಪರಚಿದಂಗ.
ಅಂವ ರಸ್ತಾದಾಗ ಹೋದಾಂವ, ಅಷ್ಟ ಗೊತ್ತು.
ಯಾವ ಗಾಡಿ ಮ್ಯಾಲೆ ಅಂತ ನಾ ಕೇಳಿಲ್ಲ, ಇವರು ಹೇಳಿಲ್ಲ.
ಎರಡು ವರ್ಷ ಆ ಗೀರು ನೋಡಿ ನೋಡಿ
ಒಂದು ರಸ್ತಾ ಕಟ್ಟಿದ್ದೆ, ಒಂದು ಲಾರಿ, ಒಂದು ರಾತ್ರಿ.
ಹೊಸಾ ಕವರು ತಂದದ್ದೂ ಅದಕ್ಕ, ಖರೇ ಹೇಳಬೇಕಂದ್ರ.

‘ಅದು ನಾ ಕೆಡವಿದ್ದು,’ ಅಂದ್ಲು ನೀಲಗಂಗಾ.
‘ಐದು ವರ್ಷದಾಕಿ ಇದ್ದೆ. ಹತ್ತಿ ಕುಂತು ಹ್ಯಾಂಡಲ್ ಜಗ್ಗಿದೆ.
ಅಪ್ಪ ನನ್ನ ಮೊಣಕಾಲಿಗೆ ಅರಿಷಿಣ ಹಚ್ಚಿದ,
ಗಾಡಿಗೂ ಹಚ್ಚಿದ.’

ಗಾಡಿಗೂ.
ಗೀರಿನೊಳಗ ಉಗುರು ಹಾಕಿ ನೋಡಿದೆ.
ಮಣ್ಣೋ ಏನೋ, ಹಳದಿ ಇತ್ತು.

ಹಳೇ ಗ್ಯಾಸ್ಕೆಟ್ ಬ್ಲೇಡಿನಿಂದ ಕೆರದ್ವಿ,
ಹಂಚಿಗೆ ಹತ್ತಿದ ರೊಟ್ಟಿ ಕೆರದಂಗ.
ಹೊಸಾ ಕವರು ಕುಂಡ್ರಲಿಲ್ಲ. ಒಂಬತ್ತು ತೂತು ಕೂಡಿದ್ವು,
ಹತ್ತನೇದು ಕೂದಲೆಳಿಯಷ್ಟು ಅತ್ತಾಗ.
ಗುಂಡಗಿನ ಅರ ತಗೊಂಡು ತಿಕ್ಕಿದೆ.
‘ತಿಕ್ಕೋದು ಕವರನ್ನ, ಎಂಜಿನ್ನನ್ನಲ್ಲ’ ಅಂದ ಹುಚ್ಚೀರಪ್ಪ.
ನನಗ ಗೊತ್ತಿದ್ದದ್ದ ಅದು. ಅಂವಗೂ ಗೊತ್ತಿತ್ತು.

ಸಂಜೀಕ ಕುಂತಿತು.
ಎದುರಾಬದುರು ಬೋಲ್ಟು ಬಿಗದ್ವಿ, ಒಂದು ಆಕಿ, ಒಂದು ನಾ,
ಒಮ್ಮಿಗೇ ಪೂರ್ತಿ ಅಲ್ಲ, ಸುತ್ತಿಗೊಂದೀಟು.
ಎಡಮಗ್ಗಲದ್ದು ಮುಂದಿನ ಆದಿತ್ಯವಾರಕ್ಕ ಉಳೀತು.
ಎಣ್ಣಿ ತುಂಬಿ, ಕೆಳಗ ಪೇಪರ್ ಹಾಸಿ ಮಲಗಿದ್ವಿ.
ಹಳೇ ಕವರು ಸೀರಿ ಡಬ್ಬಿಗೆ ಹೋತು,
ತಾಯಿ ಇಟ್ಲೋ, ಮಗಳು ಇಟ್ಲೋ, ಕೇಳಲಿಲ್ಲ.

ಮುಂಜಾನೆ ಯಾರೋ ಕಾಲು ಅಲುಗಿಸಿದ್ರು.
ಕೈಯಾಗ ಪಾನಾ, ಬೆರಳ ತುದಿಗೆ ಎಣ್ಣಿ.
‘ಒಂದ ಹನಿ ಬಿದ್ದೈತಿ, ನೋಡ ಬಾ.
ಕೆಳಗಿಂದು ಇನ್ನೊಂದೀಟು ಬಿಗೀಬೇಕು.
ಏಳು.’